ಹತ್ತು ದಿನದ ದ್ರಾಕ್ಷಾಪಾಕ

ನಮ್ಮ ಕಡೆ ಮಾಣಿ ಎಂದರೆ ಹುಡುಗ. ಅದೇ ಮಾಣಿ ಕುಂದಾಪುರದಲ್ಲಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಇಳಿದು ಯಾವುದಾದರೂ ಹೋಟೆಲು ಸೇರಿದನೋ, ಅಲ್ಲಿ ಮಾಣಿ ಎಂದರೆ ತಿಂಡಿ ತಂದಿಡುವವನು. ನಾನು ಹದಿನೆಂಟು ವರ್ಷ ಮೊದಲನೆಯ ಅರ್ಥದಲ್ಲಿ ಮಾಣಿಯಾಗಿದ್ದು, ಆಮೇಲೆ ಮಲ್ಲೇಶ್ವರದ ಸೋದರಮಾವನ ಹೋಟೆಲಿನಲ್ಲಿ ಎರಡನೆಯ ಅರ್ಥಕ್ಕೆ ಬಡ್ತಿ ಪಡೆದೆ. "ಏನಿದೆಯಪ್ಪಾ?" ಎಂದು ಗಿರಾಕಿ ಕೇಳುವುದೇ ತಡ, ಇಡ್ಲಿಯಿಂದ ಶುರುವಾಗಿ ಗೋಳಿಬಜೆಯ ತನಕ ಇಪ್ಪತ್ತೆರಡು ಹೆಸರನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ, ಕೊನೆಗೆ ಅವರು "ಒಂದು ಬೈಟು ಕಾಫಿ" ಎಂದಾಗ ಬೇಸರಿಸದೆ ಒಳಗೆ ಹೋಗುವ ಸಂಯಮವನ್ನೂ ಕಲಿತಿದ್ದೆ.

ಈ ಬಂಡವಾಳ ಇಟ್ಟುಕೊಂಡು ಎಂ.ಜಿ. ರಸ್ತೆಯ ಹತ್ತಿರದ ಒಂದು ದುಬಾರಿ ರೆಸ್ಟೋರೆಂಟಿನ ಕೆಲಸಕ್ಕೆ ಹೋದೆ. ಅಲ್ಲಿಯ ಕ್ಯಾಪ್ಟನ್ ಮಂಗಳೂರು ಕಡೆಯವರು. ಕ್ರಿಸ್‌ಮಸ್ಸಿಗೆ ಮನೆಯ ಭರಣಿಯಲ್ಲೇ ದ್ರಾಕ್ಷಿ ಹಾಕಿ ವೈನ್ ಮಾಡುವ ಮನೆತನದವರು. ನನ್ನ ಕುಂದಾಪುರದ ಎಳೆತ ಕೇಳಿ ಅವರಿಗೆ ಕನಿಕರ ಬಂದಿರಬೇಕು.

"ವೈನ್ ಗೊತ್ತುಂಟಾ?"

"ಕಲಿತೇನೆ ಸರ್."

"ಹತ್ತು ದಿನ ಉಂಟು" ಎಂದು ಚರ್ಮದ ರಟ್ಟಿನ ಒಂದು ಪುಸ್ತಕ ಕೊಟ್ಟರು. ಮನೆಯ ಪಂಚಾಂಗಕ್ಕಿಂತ ದಪ್ಪ. ಒಳಗೆ 86 ವೈನುಗಳ ಹೆಸರು. ಮಾವನ ಹೋಟೆಲಿನ ಇಪ್ಪತ್ತೆರಡನ್ನು ಕಲಿಯಲು ನನಗೆ ಎರಡು ದಿನ ಹಿಡಿದಿತ್ತು; ಆ ಲೆಕ್ಕದಲ್ಲಿ ಇದಕ್ಕೆ ಎಂಟು ದಿನ ಸಾಕು, ಎರಡು ದಿನ ಉಳಿತಾಯ ಎಂದುಕೊಂಡೆ. ಆದರೆ ಇಡ್ಲಿ ಏನೆಂದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪಿಯುಸಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಕಾವ್ಯದ ಪಾಕಗಳನ್ನು ಹೇಳುತ್ತಿದ್ದರು. ಬಾಯಿಗಿಟ್ಟ ಕೂಡಲೇ ರಸ ಕೊಡುವುದು ದ್ರಾಕ್ಷಾಪಾಕ, ಸಿಪ್ಪೆ ಸುಲಿಯಬೇಕಾದ್ದು ಕದಳೀಪಾಕ, ಒಡೆದು ತಿನ್ನಬೇಕಾದ್ದು ನಾರಿಕೇಳಪಾಕ. ಆದಿಯಿಂದ ಅಂತ್ಯದವರೆಗೆ ಬರೀ ದ್ರಾಕ್ಷಿಯೇ ಇದ್ದ ಆ ಪುಸ್ತಕದಷ್ಟು ಗಟ್ಟಿ ಚಿಪ್ಪಿನ ನಾರಿಕೇಳವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಉಚ್ಚಾರಕ್ಕೆ. ನಮಗೆ ಅಕ್ಷರ ಇರುವುದು ಓದುವುದಕ್ಕೆ, ಫ್ರೆಂಚರಿಗೆ ಅಲಂಕಾರಕ್ಕೆ. ನಾನು "ಪಿನಾಟ್ ನಾಯರ್" ಎಂದು ಓದಿದಾಗ ಅಡುಗೆಮನೆಯ ಮಲಯಾಳಿ ಗೆಳೆಯನೊಬ್ಬ ತಿರುಗಿ ನೋಡಿದ. ಅದು ಪಿನೋ ನ್ವಾರ್ ಅಂತೆ. ಮೆರ್ಲೊಟ್ ಅಲ್ಲ, ಮೆರ್ಲೋ. ಕೊನೆಯ ಟಕಾರ ಕಂಡಲ್ಲೆಲ್ಲ ನುಂಗು ಎಂದರು ಕ್ಯಾಪ್ಟನ್. ನುಂಗುವುದನ್ನು ಎಷ್ಟು ಶ್ರದ್ಧೆಯಿಂದ ಕಲಿತೆನೆಂದರೆ, ಶಾಂಪೇನಿನ ಪುಟಕ್ಕೆ ಬಂದಾಗ "ಮೊಎ" ಎಂದು ಹೆಮ್ಮೆಯಿಂದ ಹೇಳಿ ಬೈಸಿಕೊಂಡೆ. 1743ರಲ್ಲಿ ಕ್ಲೋಡ್ ಮೊಎಟ್ ಕಟ್ಟಿದ ಆ ಮನೆಯ ಹೆಸರಿನಲ್ಲಿ ಮಾತ್ರ ಟಕಾರವನ್ನು ಉಚ್ಚರಿಸಲೇಬೇಕು. ಕೊನೆಗೆ ಎರಡು ರೂಪಾಯಿಯ ಪಟ್ಟಿ ಪುಸ್ತಕವೊಂದು ತಂದು 86 ಹೆಸರನ್ನೂ ಕೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಂಡೆ. ನಮ್ಮ ಲಿಪಿಯ ಬೆಲೆ ನನಗೆ ತಿಳಿದದ್ದು ಆ ರಾತ್ರಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಜೊತೆಯ ಹುಡುಗರು ಐದನೆಯ ದಿನವೂ ಟಕಾರಗಳ ಜೊತೆ ಗುದ್ದಾಡುತ್ತಿದ್ದರು.

ಹೆಸರು ಬಂದರೂ ತಲೆಬುಡ ಬರಲಿಲ್ಲ. ಕೆಲವು ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರಿರುತ್ತದೆ, ಕೆಲವದರ ಮೇಲೆ ಊರಿನ ಹೆಸರು ಮಾತ್ರ. ಶಾಬ್ಲಿ ಎಂದರೆ ಯಾವ ದ್ರಾಕ್ಷಿ ಎಂದು ಬಾಟಲಿಯನ್ನು ಸುತ್ತಿ ಸುತ್ತಿ ಹುಡುಕಿದರೂ ಸಿಗದು. ಇದೆಂಥ ಅನ್ಯಾಯ ಎಂದು ಕೇಳಿದೆ. ಕ್ಯಾಪ್ಟನ್ ನನ್ನನ್ನೇ ಕೇಳಿದರು: "ನಿಮ್ಮ ಉಡುಪಿಯಲ್ಲಿ ಮಟ್ಟುಗುಳ್ಳ ಅಂತಾರಲ್ಲ, ಅದು ಯಾವ ತರಕಾರಿ ಅಂತ ಯಾರಾದ್ರೂ ಕೇಳ್ತಾರಾ?"

ಕೇಳುವುದಿಲ್ಲ. ಮಟ್ಟು ಎಂಬುದು ಕಟಪಾಡಿಯ ಹತ್ತಿರದ ಊರು, ಅಲ್ಲಿಯ ಮಣ್ಣಿನಲ್ಲಿ ಬೆಳೆದ ಬದನೆಯೇ ಮಟ್ಟುಗುಳ್ಳ. ಅದೇ ಬೀಜ ಬೇರೆಡೆ ಹಾಕಿ ಬೆಳೆದು ಅದೇ ಹೆಸರಿನಲ್ಲಿ ಮಾರಿದರೆ ಜಗಳವಾಗುತ್ತದೆ. ನಂಜನಗೂಡು ರಸಬಾಳೆಯದೂ ಇದೇ ಕಥೆ. ಫ್ರೆಂಚರು ಇದನ್ನು 1935ರಲ್ಲಿ ಕಾನೂನು ಮಾಡಿ ಕೂತಿದ್ದಾರೆ, ಅಷ್ಟೇ ವ್ಯತ್ಯಾಸ. ಶಾಬ್ಲಿ ಎಂದರೆ ಶಾರ್ಡನೇ, ಸಾನ್ಸೇರಿನ ಬಿಳಿ ಎಂದರೆ ಸೋವಿನ್ಯೋಂ ಬ್ಲಾಂ, ಬರ್ಗಂಡಿಯ ಕೆಂಪು ಎಂದರೆ ಹೆಚ್ಚುಕಡಿಮೆ ಪಿನೋ ನ್ವಾರ್, ಬರೋಲೋ ಎಂದರೆ ನೆಬ್ಬಿಯೋಲೋ. ಊರು ಹೇಳಿದರೆ ಬೆಳೆ ಹೇಳಿದಂತೆಯೇ. ಇನ್ನು ಆಸ್ಟ್ರೇಲಿಯಾ, ಅಮೆರಿಕ ಮತ್ತು ನಮ್ಮವರು, ಹೊಸದಾಗಿ ಅಂಗಡಿ ಇಟ್ಟವರ ಹಾಗೆ, ದ್ರಾಕ್ಷಿಯ ಹೆಸರನ್ನು ದೊಡ್ಡದಾಗಿ ಬರೆಯುತ್ತಾರೆ. ಹೀಗೆ ಹೊಂದಿಸುತ್ತ ಹೋದಾಗ ಆ 86 ಹೆಸರು ಕುಗ್ಗಿ ಹನ್ನೊಂದು ದ್ರಾಕ್ಷಿಯಾಯಿತು. ಸಿರಾ, ಶಿರಾಜ್ ಎರಡೂ ಒಂದೇ ಎಂದು ಗೊತ್ತಾದ ದಿನ ನನಗೆ ಸಂಬಳ ಬಂದಷ್ಟು ಸಂತೋಷವಾಯಿತು. ಕ್ಯಾಬರ್ನೇ ಸೋವಿನ್ಯೋಂ ಎಂಬ ಕೆಂಪು ವೈನಿನ ದೊರೆಗೆ ಕ್ಯಾಬರ್ನೇ ಫ್ರಾಂಕ್ ಮತ್ತು ಸೋವಿನ್ಯೋಂ ಬ್ಲಾಂ ಎಂಬ ಹಸಿರು ದ್ರಾಕ್ಷಿ ತಂದೆತಾಯಿ ಎಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದರಂತೆ. ಹೆಸರಿನಲ್ಲೇ ಗೋತ್ರ ಪ್ರವರ ಎರಡೂ ಇದ್ದದ್ದು ಅಲ್ಲಿಯವರೆಗೆ ಯಾರಿಗೂ ಖಚಿತವಾಗಿರಲಿಲ್ಲ! ತಾಯಿಯ ಕಡೆಯ ದೊಣ್ಣೆಮೆಣಸಿನಕಾಯಿಯ ವಾಸನೆ ಮಗನಲ್ಲೂ ಸ್ವಲ್ಪ ಉಳಿದಿದೆ.

ಮೂರನೆಯ ದಿನ ರುಚಿಯ ಪಾಠ. ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರ ಮುಂದೆ ಐದೈದು ಗ್ಲಾಸು, ಪಕ್ಕದಲ್ಲೊಂದು ಸ್ಟೀಲಿನ ಬಕೆಟ್ಟು. ಮೂಸಿ, ಬಾಯಿಗೆ ಹಾಕಿ, ಮುಕ್ಕಳಿಸಿ, ಬಕೆಟ್ಟಿಗೆ ಉಗಿಯಬೇಕು. ಉಳಿದ ಹುಡುಗರಿಗೆ ಉಗಿಯಲು ನಾಚಿಕೆ, ಗಲ್ಲದ ಮೇಲೆಲ್ಲ ಇಳಿಸಿಕೊಂಡರು. ನನ್ನ ಅಜ್ಜಿ ಎಲೆಯಡಿಕೆಯವರು. ಜಗಲಿಯಲ್ಲಿ ಕೂತು, ತಲೆಯನ್ನೂ ಅಲ್ಲಾಡಿಸದೆ, ಮಾರುದ್ದ ದೂರದ ಪೀಕದಾನಿಗೆ ಗುರಿತಪ್ಪದೆ ಹಾಕುತ್ತಿದ್ದರು. ವಂಶವಾಹಿ ಎನ್ನಿ, ಅಭ್ಯಾಸ ಎನ್ನಿ, ಆ ಒಂದು ವಿದ್ಯೆಯಲ್ಲಿ ನಾನು ಮೊದಲ ದಿನವೇ ಪಾಸಾದೆ.

ಆ ರಾತ್ರಿ ಅಮ್ಮನ ಫೋನು. "ಮಾಣೀ, ನೀ ಅಲ್ಲಿ ಕುಡೂದಿಲ್ಲ ಅಲ್ದಾ?"

"ಇಲ್ಲಮ್ಮ. ಬಾಯಿಗೆ ಹಾಯ್ಕಂಡ್ ಉಗಿತೆ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ದುಡ್ಡ್ ಕೊಟ್ಟ್ ತಂದದ್ದನ್ನ ಉಗೂದಾ?" ಎಂದು ನಿಜವಾದ ನೋವಿನಿಂದ ಕೇಳಿದರು.

ರುಚಿಯ ಪಾಠದಲ್ಲಿ ಎಲ್ಲರೂ ಎಡವಿದ್ದು ಟ್ಯಾನಿನ್ ಎಂಬ ಕಲ್ಲಿಗೆ. ಕಲಿಸಲು ಬಂದಿದ್ದ ದೆಹಲಿಯ ತರುಣ ಅದನ್ನು ವಿವರಿಸಲು ಬಹಳ ಕಷ್ಟಪಟ್ಟ. ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಬಾಯಿ ಹಿಡಿದಂತಾಗುತ್ತದೆ, ಒಸಡು ಒಣಗುತ್ತದೆ, ನಾಲಿಗೆಗೆ ವೆಲ್ವೆಟ್ಟು ಉಜ್ಜಿದಂತೆ ಎಂದು ಕೈಯಾಡಿಸಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದ. ನಾನು ಎರಡನೆಯ ಕೆಂಪು ಗ್ಲಾಸಿನಿಂದ ಒಂದು ಗುಟುಕು ಬಾಯಿಗೆ ಹಾಕಿದೆ. ಅಯ್ಯೋ, ಒಗರು!

ಒಗರು. ಇಷ್ಟಕ್ಕೆ ಇಷ್ಟು ಹೊತ್ತೇ? ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರಸವನ್ನು ಬೆರಳು ಮಡಚಿ ಎಣಿಸಿದ ನಾಡಿನವನಿಗೆ ಟ್ಯಾನಿನ್ ಹೇಳಿಕೊಡಬೇಕೇ? ಎಳೆಯ ಬಾಳೆಕಾಯಿ, ನೇರಳೆಹಣ್ಣು, ನೆಲ್ಲಿಕಾಯಿಯ ಮೊದಲ ಕಚ್ಚು, ಹಸಿ ಅಡಿಕೆ, ಹಾಲಿಲ್ಲದ ಚಹಾ. ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಬಾಲ್ಯದಲ್ಲಿ ಬೆರಳದ್ದಿ ನೆಕ್ಕಿದವನು ನಾನು. ಅದರ ಮುಂದೆ ಬರೋಲೋ ಎಂಬುದು ಪಾನಕ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟು, ಆಮೇಲೆ ಇಡುವ ಓಕ್ ಮರದ ಪೀಪಾಯಿ, ಇವುಗಳಿಂದ ಇಳಿಯುವುದೇ ಈ ಒಗರು. ಬಿಳಿ ವೈನಿನಲ್ಲಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಒಗರು ಕಾಣುವುದಿಲ್ಲ. ಒಗರು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದಂತಾಗುವುದು. ಚಹಾಕ್ಕೆ ಹಾಲು ಹಾಕಿದರೆ ಹಾಲಿನ ಪ್ರೋಟೀನು ಆ ಒಗರನ್ನು ತನ್ನ ಮೈಮೇಲೆ ಎಳೆದುಕೊಂಡು ಬಾಯನ್ನು ಬಿಟ್ಟುಕೊಡುತ್ತದೆ. ಕೊಬ್ಬಿನ ಮಾಂಸದ ಜೊತೆ ಕೆಂಪು ವೈನು ಹಿತವಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಇಷ್ಟನ್ನು ನಾನು ಪಟ್ಟಿ ಪುಸ್ತಕದಲ್ಲಿ ಬರೆದದ್ದು ಮೂರೇ ಸಾಲು: ಕೆಂಪು, ಒಗರು, ಮಾಂಸ. ಬಿಳಿ, ಹುಳಿ, ಮೀನು. ಖಾರ ಇದ್ದರೆ ಯೋಚಿಸು.

ಖಾರದ ಬಗ್ಗೆ ಯೋಚಿಸಲೇಬೇಕು. ಆ ರೆಸ್ಟೋರೆಂಟಿನವರು ಇಟಲಿಯ ತಿನಿಸಿನ ನಡುವೆ ಫ್ಯಾಷನ್ನಿಗೆಂದು ನಮ್ಮೂರ ಘೀ ರೋಸ್ಟನ್ನೂ ಸಿಗಡಿಯಲ್ಲಿ ಮಾಡಿ, ತಟ್ಟೆಯ ನಡುವೆ ನಾಲ್ಕೇ ನಾಲ್ಕು ಇಟ್ಟು ಮಾರುತ್ತಿದ್ದರು. ಬ್ಯಾಡಗಿ ಮೆಣಸಿನ ಉರಿಯ ಮೇಲೆ ಒಗರಿನ ಕೆಂಪು ವೈನ್ ಸುರಿದರೆ ಆಲ್ಕೋಹಾಲು ಉರಿಯನ್ನು ಇನ್ನೂ ಎಬ್ಬಿಸುತ್ತದೆ. ಅದಕ್ಕೆ ಸ್ವಲ್ಪ ಸಿಹಿ ಉಳಿದ, ತಣ್ಣಗಿನ ರೀಸ್ಲಿಂಗ್ ಅಥವಾ ಶೆನಿನ್ ಬ್ಲಾಂ ಸರಿ. ಖಾರದ ಊಟದ ಮೇಲೆ ಬೆಲ್ಲದ ಪಾನಕ ಕೇಳುವ ನಾಲಿಗೆಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ.

ಇದಕ್ಕೇ ಅಂಟಿಕೊಂಡಂತೆ "ಡ್ರೈ" ಎಂಬ ಶಬ್ದದ ಗೊಂದಲ. ದ್ರವ ಪದಾರ್ಥ ಒಣಗಿರುವುದು ಹೇಗೆ? ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟು ಪೂರ್ತಿ ತಿಂದು ಆಲ್ಕೋಹಾಲು ಮಾಡಿ ಮುಗಿಸಿದರೆ ಉಳಿದದ್ದು ಡ್ರೈ, ಅಂದರೆ ಸಿಹಿಯಿಲ್ಲದ್ದು. ಬಾಯಿ ಒಣಗಿಸುವ ಒಗರಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಗಿರಾಕಿಗಳಲ್ಲಿ ಅರ್ಧ ಜನ "ಡ್ರೈ ಬೇಡ" ಎನ್ನುವಾಗ ಒಗರು ಬೇಡ ಎಂದೇ ಹೇಳುತ್ತಿರುತ್ತಾರೆ, ಸಿಹಿ ವೈನ್ ತಂದಿಟ್ಟರೆ ಮುಖ ಸಿಂಡರಿಸುತ್ತಾರೆ. ಕನ್ನಡದ ಗಿರಾಕಿಗಳಿಗೆ ನಾನು ನೇರ ಕೇಳುತ್ತಿದ್ದೆ: "ಸರ್, ಒಗರು ಆಗುತ್ತಾ, ಹುಳಿ ಆಗುತ್ತಾ?" ಒಬ್ಬರೂ ತಪ್ಪು ಉತ್ತರ ಕೊಟ್ಟದ್ದಿಲ್ಲ.

ವಾಸನೆಯ ಪಟ್ಟಿಯ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ. ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಸಿಗಾರು ಪೆಟ್ಟಿಗೆ, ಒದ್ದೆ ಬಂಡೆ. ಇದರಲ್ಲಿ ಒದ್ದೆ ಬಂಡೆಯೊಂದು ಬಿಟ್ಟು ಬೇರೆ ಯಾವುದನ್ನೂ ನಾನು ಕಂಡವನಲ್ಲ. ಕಾಣದ ಹಣ್ಣಿನ ವಾಸನೆ ಬರುತ್ತಿದೆ ಎಂದು ಗಿರಾಕಿಗೆ ಹೇಳುವುದು, ಅವನೂ ಕಾಣದೆ ಹೌದೆನ್ನುವುದು, ಎಂಥ ಸಂಸಾರ ಇದು! ನಾನು ನನ್ನ ಪುಸ್ತಕದಲ್ಲಿ ಹೆಸರು ಬದಲಿಸಿದೆ. ಗೆವುರ್ಜ್‌ಟ್ರಾಮಿನರ್ ಎಂಬ ಬಾಯಿತಿರುಚುವ ದ್ರಾಕ್ಷಿಯ ಮುಂದೆ "ಗುಲ್ಕಂದ್" ಎಂದು ಬರೆದೆ. ಸಿರಾದ ಮುಂದೆ "ಕಾಳುಮೆಣಸು". ಇದು ಬರೀ ಹೋಲಿಕೆಯಲ್ಲ. ಕಾಳುಮೆಣಸಿಗೆ ಆ ಘಾಟು ಕೊಡುವ ರೊಟಂಡೋನ್ ಎಂಬ ವಸ್ತುವೇ ಸಿರಾದಲ್ಲೂ ಇದೆ ಎಂದು ಆಸ್ಟ್ರೇಲಿಯಾದವರು 2008ರಲ್ಲಿ ಕಂಡುಹಿಡಿದರು. ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲವಂತೆ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆರೆಸೀಮೆಯವನಾಗಿ ಆ ಐದನೆಯವನಾಗಲು ನಾನು ಸಿದ್ಧನಿರಲಿಲ್ಲ. ಪುಣ್ಯಕ್ಕೆ ಮೂಗು ಮಾನ ಕಾಪಾಡಿತು.

ಆರನೆಯ ದಿನ ನಮ್ಮನ್ನು ವ್ಯಾನಿನಲ್ಲಿ ತುಂಬಿ ನಂದಿಬೆಟ್ಟದ ಬುಡಕ್ಕೆ, ದೊಡ್ಡಬಳ್ಳಾಪುರದ ಕಡೆಗೆ ಕರೆದೊಯ್ದರು. ಕನ್ವಲ್ ಗ್ರೋವರ್ ಎಂಬವರು ಫ್ರಾನ್ಸಿನ ಜಾರ್ಜ್ ವೆಸೆಲ್ ಎಂಬ ಶಾಂಪೇನ್ ತಜ್ಞರ ನೆರವು ಪಡೆದು 1988ರ ಹೊತ್ತಿಗೆ ಅಲ್ಲಿ ಫ್ರೆಂಚ್ ದ್ರಾಕ್ಷಿ ತೋಟ ಶುರುಮಾಡಿದ ಸೀಮೆ ಅದು. ಅದಕ್ಕೂ ಬಹಳ ಮೊದಲಿನಿಂದ ಸುತ್ತಲಿನ ರೈತರು ಬೆಳೆಯುತ್ತಿದ್ದದ್ದು ಬೆಂಗಳೂರು ಬ್ಲೂ. ನಾವು ತಳ್ಳುಗಾಡಿಯಲ್ಲಿ ಕೊಂಡು ಸಿಪ್ಪೆ ಉಗಿದು ತಿನ್ನುವ ಆ ಕಪ್ಪು ದ್ರಾಕ್ಷಿ. ಫ್ರಾನ್ಸಿನ ಬಳ್ಳಿ ಚಳಿಗೆ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗೇ ಬಿಟ್ಟರೆ ಮಳೆಗಾಲದಲ್ಲೂ ಹಣ್ಣು ಬಿಟ್ಟು ಕೊಳೆಯುತ್ತದೆಂದು ವರ್ಷಕ್ಕೆ ಎರಡು ಸಲ ಕತ್ತರಿಸಿ, ಮಳೆ ಮುಗಿದ ಮೇಲಿನ ಕತ್ತರಿಯ ಚಿಗುರಿನಲ್ಲಿ ಮಾತ್ರ ಹಣ್ಣು ಹಿಡಿಸಿ, ಮಾಘ ಫಾಲ್ಗುಣದ ಹೊತ್ತಿಗೆ ಕೊಯ್ಯುತ್ತಾರೆ. ಅಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳನ್ನು "ಯಾವ ಹಣ್ಣಮ್ಮ ಇದು?" ಎಂದು ಕೇಳಿದೆ. "ಕಾಬ್ರನೆ" ಎಂದಳು, ಸರಾಗವಾಗಿ, ಟಕಾರವಿಲ್ಲದೆ. ನನಗೆ ಮೂರು ದಿನ ಹಿಡಿದಿತ್ತು.

ಉಳಿದದ್ದು ಕೈಕೆಲಸ. ಬಿರಡೆ ತೆಗೆಯುವ ಮಡಚು ತಿರುಪಿಗೆ ಇಂಗ್ಲಿಷಿನಲ್ಲಿ ವೇಟರನ ಗೆಳೆಯ ಎಂದೇ ಹೆಸರು. 1882ರಲ್ಲಿ ಕಾರ್ಲ್ ವೀಂಕೆ ಎಂಬ ಜರ್ಮನಿಯವನು ಅದಕ್ಕೆ ಪೇಟೆಂಟು ತೆಗೆದುಕೊಂಡ. ಆ ಗೆಳೆಯ ಮೊದಲ ವಾರದಲ್ಲಿ ನನ್ನ ಎರಡು ಬೆರಳು ಕುಯ್ದ. ಶಾಂಪೇನಿನದು ಇನ್ನೊಂದು ವರಸೆ. ಒಳಗೆ ಕಾರಿನ ಟೈರಿನ ಎರಡೂವರೆ ಮೂರು ಪಟ್ಟು ಒತ್ತಡವಿರುತ್ತದೆ, ತಂತಿಯನ್ನು ಆರು ಅರೆಸುತ್ತು ಬಿಚ್ಚಬೇಕು, ಬಿರಡೆಯನ್ನು ಹಿಡಿದು ಬಾಟಲಿಯನ್ನು ತಿರುಗಿಸಬೇಕು, ಸದ್ದು ಬರಬಾರದು. ಸಿನಿಮಾದಲ್ಲಿ ಠಪ್ಪೆಂದು ಹಾರಿಸುವುದೆಲ್ಲ ಸುಳ್ಳು ಮರ್ಯಾದೆ ಎಂದರು ಕ್ಯಾಪ್ಟನ್. ಸುರಿಯುವುದರಲ್ಲಿ ಮಾತ್ರ ನನ್ನನ್ನು ಯಾರೂ ತಿದ್ದಲಿಲ್ಲ. ಒಂದು ಬಾಟಲಿ 750 ಮಿಲಿ, ಗ್ಲಾಸಿಗೆ 150, ಐದು ಗ್ಲಾಸು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿ, ಎರಡೂ ಕಡೆಯ ಗಿರಾಕಿ ಬಗ್ಗಿ ನೋಡಿದರೂ ಒಂದು ಹನಿ ಹೆಚ್ಚುಕಡಿಮೆ ಕಾಣದಂತೆ ಬೈಟು ಮಾಡಿದ ಕೈ ಇದು.

ಹನ್ನೊಂದನೆಯ ದಿನ ಕಣಕ್ಕಿಳಿದೆ. ನಾಲ್ಕು ಜನರ ಮೇಜು. ನಡುವಯಸ್ಸಿನ ಯಜಮಾನರು ಮಗಳಿಗೆ ಕೆಲಸ ಸಿಕ್ಕಿದ ಖುಷಿಗೆ ಮನೆಯವರನ್ನು ಕರೆತಂದಿದ್ದರು. ಇಟಲಿಯ ಕಿಯಾಂಟಿಯೊಂದನ್ನು ಆರಿಸಿದರು. ಲೇಬಲ್ಲು ತೋರಿಸಿ ಹೆಸರು, ವರ್ಷ ಹೇಳಿ, ತಗಡು ಕತ್ತರಿಸಿ, ಬಿರಡೆ ಎಳೆದೆ. ಯಕ್ಷಗಾನದ ಒಡ್ಡೋಲಗಕ್ಕಿಂತ ಏನೂ ಕಡಿಮೆಯಿಲ್ಲ. ರುಚಿಗೆಂದು ಅವರಿಗೊಂದಿಷ್ಟು ಸುರಿದೆ. ಒಂದು ಗುಟುಕು ಕುಡಿದು ಸುಮ್ಮನಾದರು. ಮನೆಯವರ ಮುಖ ನೋಡಿದರು. ಆಮೇಲೆ ನನ್ನ ಕಡೆ ವಾಲಿ, ಯಾರಿಗೂ ಕೇಳದಂತೆ ಕನ್ನಡದಲ್ಲಿ, "ಇದು ಹೀಗೇ ಇರುತ್ತಾಪ್ಪಾ?" ಎಂದರು.

ಅನುಮತಿ ಕೇಳಿ ಬೇರೆ ಗ್ಲಾಸಿಗೆ ನಾಲ್ಕು ಹನಿ ಹಾಕಿ ಮೂಸಿದೆ. ನಮ್ಮ ಮನೆಯ ಅಟ್ಟ! ಆಷಾಢದ ಮಳೆಯಲ್ಲಿ ಸೋರಿ, ಹೊರಗೆ ಹಾಕಲು ಮರೆತ ಗೋಣಿಚೀಲದ ಮುಗ್ಗಲು. ಕಾರ್ಕಿನಲ್ಲಿ ಬೂಷ್ಟು ಸೇರಿ ಹುಟ್ಟುವ ಟಿಸಿಎ ಎಂಬ ದೋಷದ ಬಗ್ಗೆ ಓದಿದ್ದೆ; ಲಕ್ಷ ಕೋಟಿಯಲ್ಲಿ ನಾಲ್ಕಾರು ಭಾಗ ಇದ್ದರೂ ಮೂಗಿಗೆ ತಿಳಿಯುತ್ತದೆ, ದೇಹಕ್ಕೆ ಕೆಡುಕಿಲ್ಲ, ಹಣ್ಣಿನ ಪರಿಮಳವನ್ನು ಮಾತ್ರ ಕೊಂದುಹಾಕುತ್ತದೆ. ಪುಸ್ತಕದಲ್ಲಿ ಅದನ್ನು ಒದ್ದೆ ರಟ್ಟಿನ ವಾಸನೆ ಎಂದಿದ್ದರು. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಬೆಳೆದವನಿಗೆ ಒದ್ದೆಯಲ್ಲಿ ಹದಿನಾರು ಬಗೆ ಗೊತ್ತು. "ಇಲ್ಲ ಸರ್, ಹೀಗಿರುವುದಿಲ್ಲ. ಬಾಟಲಿ ಕೆಟ್ಟಿದೆ, ಬೇರೆ ತರುತ್ತೇನೆ" ಎಂದೆ. ಅವರ ಮುಖ ಬಿಚ್ಚಿಕೊಂಡದ್ದು ವೈನಿನಿಂದಲ್ಲ, ತಪ್ಪು ತಮ್ಮ ನಾಲಿಗೆಯದಲ್ಲ ಎಂದು ತಿಳಿದದ್ದರಿಂದ. ತಿರುಪಿನ ಮುಚ್ಚಳದ ಬಾಟಲಿಗೆ ಈ ಕಾಟ ತೀರಾ ಅಪರೂಪ. ಆದರೆ ಅದಕ್ಕೆ ಒಡ್ಡೋಲಗವಿಲ್ಲವೆಂದು ಜನ ಕಡಿಮೆ ದರ್ಜೆಯದೆಂದುಕೊಳ್ಳುತ್ತಾರೆ. ಅದು ಮೂಢನಂಬಿಕೆ ಎಂದೇ ನನ್ನ ಮತ.

ಅಂಗಡಿ ಮುಚ್ಚಿದ ಮೇಲೆ ಕ್ಯಾಪ್ಟನ್ ಯಾವುದೋ ಮೇಜಿನಲ್ಲಿ ಉಳಿದ ಬಾಟಲಿಯ ಲೇಬಲ್ಲನ್ನು ಕೈಯಿಂದ ಮುಚ್ಚಿ, ಗ್ಲಾಸಿಗೆ ಒಂದಿಷ್ಟು ಹಾಕಿ ಮುಂದೆ ಹಿಡಿದರು. ಮೂಸಿದೆ, ಮುಕ್ಕಳಿಸಿದೆ, ಆ ದಿನ ಉಗಿಯಲಿಲ್ಲ. ಗಂಭೀರವಾಗಿ "ಮೆರ್ಲೋ" ಎಂದೆ. ಅದು ನಂದಿಬೆಟ್ಟದ ಶಿರಾಜ್ ಆಗಿತ್ತು.

ಆ ಕೆಲಸ ಬಿಟ್ಟು ವರ್ಷಗಳಾದವು. ನೀವು ಎಂದಾದರೂ ಅಂಥ ಕಡೆಗೆ ಹೋದರೆ ಎರಡು ಮಾತು ನೆನಪಿಡಿ. ಎಳೆದ ಬಿರಡೆಯನ್ನು ನಿಮ್ಮ ಮುಂದಿಟ್ಟಾಗ ಅದನ್ನು ಮೂಸಲು ಹೋಗಬೇಡಿ, ಮೂಸಬೇಕಾದ್ದು ಗ್ಲಾಸು. ಇನ್ನೊಂದು, ಮನೆಯವರ ಮುಂದೆ ಬೆಲೆಯ ಮಾತು ಬಾಯಿಬಿಟ್ಟು ಆಡಲು ಸಂಕೋಚವಾದರೆ, ಪಟ್ಟಿಯಲ್ಲಿ ನಿಮಗೆ ಒಗ್ಗುವ ಬೆಲೆಯ ಮೇಲೆ ಬೆರಳಿಟ್ಟು "ಇಂಥದ್ದು ಯಾವುದಾದರೂ" ಎನ್ನಿ. ಮಾಣಿಗೆ ಅರ್ಥವಾಗುತ್ತದೆ.